ಸತ್ಯಾಂಶ: ಕನ್ನಡಕ ಇದ್ದರೆ ಪೈಲಟ್ ಆಗೋಕಾಗಲ್ವಾ?

‘ಕನ್ನಡಕ ಬಂತು ಅಂದ್ರೆ ಪೈಲಟ್ ಆಸೆ ಬಿಟ್ಟುಬಿಡಿ’ ಅನ್ನುವ ಮೆಸೇಜು ವಾಟ್ಸಾಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಇದು ಸರಿಯಲ್ಲ.

ಪ್ರಯಾಣಿಕರ ವಿಮಾನ ಓಡಿಸಲು ಬೇಕಿರುವುದು ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಯ ಕ್ಲಾಸ್ 1 ಮೆಡಿಕಲ್, ಅಂದರೆ ವೈದ್ಯಕೀಯ ಪರೀಕ್ಷೆ. ಅಲ್ಲಿ ಮುಖ್ಯವಾಗಿ ನೋಡುವುದು ಕನ್ನಡಕ ಹಾಕಿಕೊಂಡ ಮೇಲೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಅನ್ನುವುದನ್ನು. ಕನ್ನಡಕದ ಪೈಲಟ್ ಹಾರುವಾಗ ಇನ್ನೊಂದು ಜೊತೆ ಕನ್ನಡಕ ಕೈಗೆ ಸಿಗುವಂತೆ ಇಟ್ಟುಕೊಂಡಿರಬೇಕು, ಅಷ್ಟೇ. ವಾಯುಪಡೆಯ ಯುದ್ಧ ವಿಮಾನಕ್ಕೆ ನಿಯಮ ಇನ್ನೂ ಬಿಗಿ. ಗೊಂದಲ ಹುಟ್ಟಿದ್ದು ಬಹುಶಃ ಅಲ್ಲಿಂದಲೇ.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಬಣ್ಣದ ವಿಷಯಕ್ಕೆ. ಬಣ್ಣಬಣ್ಣದ ಚುಕ್ಕೆಗಳ ನಡುವೆ ಅಡಗಿರುವ ಅಂಕಿ ಓದಿಸುತ್ತಾರಲ್ಲ, ಆ ಇಶಿಹಾರಾ ಪರೀಕ್ಷೆಯೂ ಈ ಮೆಡಿಕಲ್‌ನಲ್ಲಿರುತ್ತದೆ. ರಾತ್ರಿ ರನ್‌ವೇ ಬಳಿ ಕೆಂಪು, ಹಸಿರು ದೀಪಗಳ ಬಣ್ಣಕ್ಕೇ ಒಂದೊಂದು ಅರ್ಥ. ಬಣ್ಣ ಗುರುತಿಸುವ ಕೊರತೆಯನ್ನು ಮಾಮೂಲಿ ಕನ್ನಡಕ ಸರಿಮಾಡುವುದಿಲ್ಲ.

ಆದ್ದರಿಂದ ಮೊದಲು ಆರಂಭದ ಹಂತದ ಪರೀಕ್ಷೆಯಾದ ಕ್ಲಾಸ್ 2, ಆಮೇಲೆ ಕ್ಲಾಸ್ 1 ಮೆಡಿಕಲ್ ಮುಗಿಸಿ. ಕ್ಲಾಸ್ 1 ಮಾಡುವ ಜಾಗಗಳಲ್ಲಿ ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯೂ ಒಂದು. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು, ಅದಕ್ಕೆ ಲಕ್ಷಗಟ್ಟಲೆ ಖರ್ಚು. ಮೆಡಿಕಲ್ ಕೈಗೆ ಬರುವ ಮುಂಚೆಯೇ ಸಾಲ ಮಾಡಿ ಫೀಸು ಕಟ್ಟಬೇಡಿ.