ಅಯಲ್‌ಕೂಟಕ್ಕೆ ಹೋಗುವ ಮೊದಲು ಕಲಿಯಬೇಕಾದದ್ದು

ಕಾಲೇಜು ವಿದ್ಯಾರ್ಥಿಗಳು ಹಳ್ಳಿಯ ಆರ್ಥಿಕ ಅಭಿವೃದ್ಧಿಗೆ ಕೈಜೋಡಿಸಬೇಕು ಎಂಬ ಮಾತು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಪೈವಳಿಕೆ, ಎಣ್ಮಕಜೆ ಭಾಗದ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಮಾತಿಗೆ ನನ್ನ ತಕರಾರಿಲ್ಲ. ಯಾವ ತಯಾರಿಯೂ ಇಲ್ಲದೆ ಅವರನ್ನು ಕುಟುಂಬಶ್ರೀಯ ಮಹಿಳಾ ಕೂಟಗಳಿಗೆ ಕಳುಹಿಸುವ ಕ್ರಮಕ್ಕೆ ಇದೆ. ಏಳು ದಿನಗಳ ಎನ್‌.ಎಸ್‌.ಎಸ್‌. (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರದಲ್ಲಿ ರಸ್ತೆ ಬದಿಯನ್ನು ಶುಚಿಗೊಳಿಸಬಹುದು, ಗಿಡ ನೆಡಬಹುದು. ಆದರೆ ಇನ್ನೊಬ್ಬರ ಹಣಕಾಸಿನ ವಿಚಾರದಲ್ಲಿ ನೆರವಾಗುವುದಕ್ಕೆ ಬೇರೆಯೇ ಸಿದ್ಧತೆ ಬೇಕು.

ಕೇರಳ ಸರ್ಕಾರದ ಬಡತನ ನಿವಾರಣೆಯ ಮಹಿಳಾ ಯೋಜನೆಯಾದ ಕುಟುಂಬಶ್ರೀ 1998ರಲ್ಲಿ ಆರಂಭವಾಯಿತು. ಅದರ ಬುಡದಲ್ಲಿರುವುದು ನೆರೆಹೊರೆಯ ಹತ್ತಿಪ್ಪತ್ತು ಮಹಿಳೆಯರು ಸೇರುವ ಅಯಲ್‌ಕೂಟ. ಅದರ ಮೇಲೆ ವಾರ್ಡಿನ ಮಟ್ಟದ ಒಕ್ಕೂಟ ಎ.ಡಿ.ಎಸ್., ಪಂಚಾಯತಿನ ಮಟ್ಟದ್ದು ಸಿ.ಡಿ.ಎಸ್. ಎಂದು ಇವೆ. ಅಯಲ್‌ಕೂಟದ ಸದಸ್ಯೆಯರು ಉಳಿತಾಯದ ಹಣವನ್ನು ತಮ್ಮೊಳಗೇ ಸಾಲವಾಗಿ ಕೊಟ್ಟು, ವಸೂಲು ಮಾಡಿ, ಕೂಟಕ್ಕೆ ಬ್ಯಾಂಕು ಕೊಡುವ ಲಿಂಕೇಜ್ ಸಾಲವನ್ನೂ ತೀರಿಸುತ್ತಾರೆ. ಅಂಥವರ ಮುಂದೆ ಹತ್ತೊಂಬತ್ತರ ಹರೆಯದ ಹುಡುಗನೊಬ್ಬ ನಿಂತು ಉಳಿತಾಯದ ಮಹತ್ವ ಬೋಧಿಸಿದರೆ ಅವರು ಮರ್ಯಾದೆಗಾಗಿ ತಲೆಯಾಡಿಸಿಯಾರು, ಅಷ್ಟೇ.

ಆದ್ದರಿಂದ ಮೊದಲ ಪಾಠ ಲೆಕ್ಕದ ಪುಸ್ತಕದ್ದಾಗಬೇಕು. ನಡಾವಳಿ ಪುಸ್ತಕ, ಉಳಿತಾಯದ ಲೆಕ್ಕ, ಸಾಲದ ಲೆಕ್ಕ ಇವುಗಳನ್ನು ಕಾಲೇಜಿನಲ್ಲಿಯೇ ಮಾದರಿಯಾಗಿ ಬರೆಸಿ, ಒಂದರ ಮೊತ್ತ ಇನ್ನೊಂದಕ್ಕೆ ತಾಳೆಯಾಗುತ್ತದೆಯೇ ಎಂದು ನೋಡುವುದನ್ನು ಕಲಿಸಬೇಕು. ಯಾರು ಎಷ್ಟು ಬಾಕಿ ಇಟ್ಟಿದ್ದಾರೆ ಎಂಬುದು ಕೂಟದಿಂದ ಹೊರಗೆ ಹೋಗಬಾರದೆಂಬುದನ್ನಂತೂ ಕಟ್ಟುನಿಟ್ಟಾಗಿ ಹೇಳಬೇಕು. ಪುಸ್ತಕದ ಪುಟದ ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಕಾಲವಿದು.

ಅಂಕಿಗಳನ್ನು ಓದುವುದಕ್ಕೆ ಊರಿನ ವರ್ಷಚಕ್ರವೂ ತಿಳಿದಿರಬೇಕು. ಅಡಿಕೆಯ ಕೊಯ್ಲು ಹೆಚ್ಚಾಗಿ ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ ನಡೆಯುತ್ತದೆ. ಜೂನ್ ಬಂತೆಂದರೆ ಮಕ್ಕಳ ಶಾಲೆಯ ಖರ್ಚು, ತೋಟವಿದ್ದವರಿಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆ, ಕೂಲಿಗೆ ಹೋಗುವವರಿಗೆ ಮಳೆಯಿಂದ ತಪ್ಪುವ ಕೆಲಸ, ಎಲ್ಲವೂ ಒಟ್ಟಿಗೇ ಬರುತ್ತವೆ. ಇದನ್ನರಿಯದ ವಿದ್ಯಾರ್ಥಿ ಜುಲೈ ತಿಂಗಳ ಕಂತು ತಪ್ಪಿದ್ದನ್ನು ಕಂಡು ಶಿಸ್ತಿಲ್ಲವೆಂದು ವರದಿ ಬರೆದುಬಿಡುತ್ತಾನೆ.

ನಮ್ಮ ಕಡೆಯ ಇನ್ನೊಂದು ತೊಡಕು ಕಾಗದಪತ್ರದ್ದು. ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಆಡಿ, ಕನ್ನಡ ಶಾಲೆಯಲ್ಲಿ ಓದಿದ ಮಹಿಳೆಯ ಕೈಗೆ ಬರುವ ನಮೂನೆ ಎಷ್ಟೋ ಸಲ ಮಲಯಾಳದಲ್ಲಿರುತ್ತದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರ್ಕಾರದೊಡನೆ ಕನ್ನಡದಲ್ಲಿ ವ್ಯವಹರಿಸಲು ಕೇರಳದ 1969ರ ಅಧಿಕೃತ ಭಾಷಾ ಕಾನೂನು ಅವಕಾಶ ಕೊಟ್ಟಿದೆಯಾದರೂ, ಹಾಗೆ ಅರ್ಜಿ ಬರೆದುಕೊಡಬಲ್ಲವರು ಹತ್ತಿರದಲ್ಲಿ ಇರಬೇಕಲ್ಲ? ಎರಡೂ ಲಿಪಿ ಬಲ್ಲ ವಿದ್ಯಾರ್ಥಿಗಳು ನಿಜವಾಗಿ ಬೇಕಾಗುವುದು ಇಲ್ಲಿ. ಸಾಲದ ಷರತ್ತುಗಳನ್ನು ಓದಿ ಹೇಳಲಿ. ಸಹಿ ಹಾಕಬೇಕೋ ಬೇಡವೋ ಎಂಬ ತೀರ್ಮಾನವನ್ನು ಆ ಮಹಿಳೆಯರಿಗೇ ಬಿಡಲಿ.

ಇದಾವುದೂ ಒಂದು ಶಿಬಿರದಲ್ಲಿ ಮುಗಿಯುವುದಿಲ್ಲ. ಎನ್‌.ಎಸ್‌.ಎಸ್‌. ಸ್ವಯಂಸೇವಕರಿಗೆ ವರ್ಷಕ್ಕೆ 120 ಗಂಟೆಗಳ ಸೇವೆ ನಿಗದಿಯಾಗಿದೆ. ಅದರಲ್ಲಿ ಒಂದು ಪಾಲನ್ನು ಈ ಕಲಿಕೆಗೂ, ಸುಮ್ಮನೆ ಕುಳಿತು ಕೂಟದ ಮಾತು ಕೇಳುವುದಕ್ಕೂ ಮೀಸಲಿಡಬೇಕು. ಎರಡನೆಯ ವರ್ಷದವರು ಪರೀಕ್ಷೆಗೆ ಹೊರಡುವ ಮುನ್ನ ಅರ್ಧದಲ್ಲಿರುವ ಅರ್ಜಿಗಳ ಪಟ್ಟಿಯನ್ನು ಮೊದಲ ವರ್ಷದವರಿಗೆ ಒಪ್ಪಿಸಿ, ಆ ಸಂಗತಿಯನ್ನು ಕೂಟದ ಕಾರ್ಯದರ್ಶಿಗೂ ತಿಳಿಸಬೇಕು.