ಗೋಲು ಹೊಡೆಯೋರು ಯಾರು ಸ್ವಾಮಿ?

2025ರ ನವೆಂಬರ್‌ನಲ್ಲಿ ಢಾಕಾದಲ್ಲೂ ಸೋತೆವು. ಅದೂ ಬಾಂಗ್ಲಾದೇಶದ ಎದುರು, 1–0. 2003ರ ನಂತರ ನಮ್ಮ ಫುಟ್‌ಬಾಲ್ ತಂಡ ಅವರಿಗೆ ಸೋತಿದ್ದೇ ಇರಲಿಲ್ಲ. ಆ ಒಂದು ಮರ್ಯಾದೆಯೂ ಮುಗೀತು. ಮಾರನೇ ದಿನ ಫಿಫಾ ಪಟ್ಟಿ ಬಂತು, ನಮ್ಮದು 142ನೇ ಸ್ಥಾನ. 2023ರ ಜುಲೈನಲ್ಲಿ 99ರಲ್ಲಿದ್ದೆವು ಕಣ್ರೀ. ಎರಡೂವರೆ ವರ್ಷ ಕೂಡ ಆಗಿರಲಿಲ್ಲ.

ಸೋಲು ನನಗೇನೂ ಹೊಸದಲ್ಲ. ಭಾರತದ ಫುಟ್‌ಬಾಲ್ ನೋಡೋನು ಸೋಲಿಗೆ ಹೆದರಿದರೆ ಆಗುತ್ತಾ? 2024ರ ಏಷ್ಯನ್ ಕಪ್‌ನಲ್ಲಿ ಆಸ್ಟ್ರೇಲಿಯಾ ಎರಡು ಹೊಡೆಯಿತು, ಉಜ್ಬೇಕಿಸ್ತಾನ ಮೂರು, ಸಿರಿಯಾ ಒಂದು. ನಾವು ಮೂರು ಪಂದ್ಯ ಸೇರಿಸಿ ಸೊನ್ನೆ. ಆಗಲೂ ಬೇಜಾರಾಯ್ತು, ಆದರೆ ಎದುರಿಗಿದ್ದವರು ನಮಗಿಂತ ಮೇಲಿನವರು ಅಂತ ಸುಮ್ಮನಾದೆ. ಈ ಸಲ ಸುಮ್ಮನಾಗೋಕೆ ಏನು ನೆಪ ಇದೆ ಹೇಳಿ? 2027ರ ಏಷ್ಯನ್ ಕಪ್ ಅರ್ಹತಾ ಸುತ್ತಿನಲ್ಲಿ ನಮ್ಮ ಗುಂಪಿಗೆ ಬಿದ್ದಿದ್ದು ಹಾಂಗ್‌ಕಾಂಗ್, ಸಿಂಗಾಪುರ, ಬಾಂಗ್ಲಾದೇಶ. ಗುಂಪು ಮಾಡುವಾಗ ನಾಲ್ವರಲ್ಲಿ ನಾವೇ ಮೊದಲ ಸಾಲಿನ ತಂಡ. ಇದಕ್ಕಿಂತ ಸುಲಭದ ಗುಂಪು ಕೇಳಿದರೆ ದೇವರು ಬೈತಾನೆ.

ಢಾಕಾದ್ದೂ ಸೇರಿ ಐದು ಪಂದ್ಯ ಆಡಿದೆವು. ಎರಡು ಡ್ರಾ, ಮೂರು ಸೋಲು, ಗೆಲುವೇ ಇಲ್ಲ. ಢಾಕಾದಲ್ಲಿ ನಾವು ಸೋತ ರಾತ್ರಿಯೇ ಸಿಂಗಾಪುರ ಹಾಂಗ್‌ಕಾಂಗ್‌ಗೆ ಹೋಗಿ ಗೆದ್ದು ಕಪ್‌ಗೆ ಜಾಗ ಮಾಡಿಕೊಂಡಿತು. ಆ ಜಾಗ ನಮ್ಮದಾಗಬೇಕಿತ್ತು.

ಈ ಐದು ಪಂದ್ಯದಲ್ಲಿ ನಾವು ಹೊಡೆದ ಗೋಲು ಎಷ್ಟು ಗೊತ್ತಾ? ಎರಡು. ಮೊದಲನೆಯದು ಸಿಂಗಾಪುರದಲ್ಲಿ. 90ನೇ ನಿಮಿಷಕ್ಕೆ ಅವರ ಡಿಫೆಂಡರ್ ತನ್ನ ಗೋಲಿಗೆ (ಗೋಲ್‌ಕೀಪರ್‌ಗೆ) ಅರೆಬರೆ ಪಾಸ್ ಕೊಟ್ಟ, ರಹೀಂ ಅಲಿ ಮಧ್ಯೆ ನುಗ್ಗಿ ಒಳಗೆ ಹಾಕಿದ. ಹುಡುಗ ಎಚ್ಚರ ಇದ್ದ, ಶಹಬ್ಬಾಸ್. ಆದರೆ ಅದು ಅವರು ಕೊಟ್ಟ ಗೋಲು. ಎರಡನೆಯದು ಮಡಗಾಂವ್‌ನಲ್ಲಿ ಛಾಂಗ್ಟೆ ದೂರದಿಂದ ಬಾರಿಸಿದ್ದು. ಚೆಂದದ ಗೋಲು, ಆದರೆ ದೂರದಿಂದ. ನಾವೇ ಆಟ ಕಟ್ಟಿ, ನಾಲ್ಕು ಪಾಸ್ ಆಡಿ, ಡಿ ಬಾಕ್ಸ್ ಒಳಗೆ ನಮ್ಮ ಸ್ಟ್ರೈಕರ್ ಕಾಲಿಗೆ ಚೆಂಡು ತಲುಪಿಸಿ ಹೊಡೆದ ಗೋಲು ಒಂದು? ಇಲ್ಲ. ಐದು ಪಂದ್ಯ, 450 ನಿಮಿಷ, ಒಂದೂ ಇಲ್ಲ. ನನ್ನ ಸಿಟ್ಟೆಲ್ಲ ಇದರ ಮೇಲೇ.

ಜೂನ್‌ನಲ್ಲಿ ಹಾಂಗ್‌ಕಾಂಗ್ ವಿರುದ್ಧದ ಪಂದ್ಯ ನೋಡಿದವರಿಗೆ ಗೊತ್ತು. ಮೊದಲರ್ಧದಲ್ಲಿ ಲಿಸ್ಟನ್ ಕೊಲಾಸೊ ಎಡಗಡೆಯಿಂದ ಓಡಿ ಬಂದು ಅಡ್ಡಕ್ಕೆ ಒಂದು ಪಾಸ್ ಇಟ್ಟ. ಆಶಿಕ್ ಕುರುಣಿಯನ್ ಅಲ್ಲಿದ್ದ. ಕಾಲು ತಾಗಿಸಿ ನೇರ ಮಾಡಿದರೆ ಸಾಕಿತ್ತು. ಹೊಡೆದ, ಚೆಂಡು ಕಂಬದ ಹೊರಗೆ. ನಾನು ಸೋಫಾದಿಂದ ಎದ್ದವನು ಎದ್ದ ಹಾಗೇ ತಲೆ ಮೇಲೆ ಕೈ ಇಟ್ಟುಕೊಂಡೆ. ಪಾಪ, ಆಶಿಕ್ ಮೇಲೆ ನನಗೆ ಸಿಟ್ಟಿಲ್ಲ. ಅವನು ವಿಂಗ್‌ನಲ್ಲಿ, ಅಂದರೆ ಮೈದಾನದ ಅಂಚಿನಲ್ಲಿ ಓಡೋನು, ಹುಟ್ಟು ಸ್ಟ್ರೈಕರ್ ಅಲ್ಲ. ಆ ಜಾಗದಲ್ಲಿ ಆ ಹೊತ್ತಿಗೆ ನಿಲ್ಲಬೇಕಾದವನು ಬೇರೆ ಯಾರೋ. ಆ ಬೇರೆ ಯಾರೋ ನಮ್ಮ ಹತ್ತಿರ ಇಲ್ಲ. ಕೊನೆಗೆ 90 ನಿಮಿಷ ದಾಟಿದ ಮೇಲೆ ನಮ್ಮ ಗೋಲಿ ಫೌಲ್ ಮಾಡಿ, ಪೆನಾಲ್ಟಿ ಕೊಟ್ಟು, ಸೋತು ಬಂದೆವು.

ಇದ್ದೋನು ಒಬ್ಬನೇ, ಸುನಿಲ್ ಛೆಟ್ರಿ. 2024ರ ಜೂನ್‌ನಲ್ಲಿ ಕೋಲ್ಕತ್ತಾದಲ್ಲಿ ಕಣ್ಣೀರು ಹಾಕಿಕೊಂಡು ವಿದಾಯ ಹೇಳಿದ. ನಾವೂ ಅತ್ತೆವು. ಆಮೇಲೆ ಏನಾಯ್ತು? ಆ ವರ್ಷ ಪೂರ್ತಿ ತಂಡ ಒಂದೇ ಒಂದು ಪಂದ್ಯ ಗೆಲ್ಲಲಿಲ್ಲ. ಕೊನೆಗೆ 40 ವರ್ಷದ ಮನುಷ್ಯನ ಮನೆ ಬಾಗಿಲು ತಟ್ಟಿ, ‘ಸ್ವಲ್ಪ ಬಂದು ಆಡಿಕೊಟ್ಟು ಹೋಗಪ್ಪ’ ಅಂತ ವಾಪಸ್ ಕರೆದುಕೊಂಡು ಬಂದರು. ಅವನು ಬಂದ, ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಮೇಲೆ ಒಂದು ಗೋಲೂ ಹೊಡೆದ, ಅವನ ಲೆಕ್ಕ 95ಕ್ಕೆ ಹೋಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ನನಗೆ ಮಾತ್ರ ನಾಚಿಕೆಯಾಯ್ತು. ಅವನಿಗಲ್ಲ, ನಮಗೆ ಆಗಬೇಕಾದ ನಾಚಿಕೆ. ಇಪ್ಪತ್ತು ವರ್ಷ ಒಬ್ಬನ ಹೆಗಲ ಮೇಲೆ ಕೂತು, ಅವನು ಇಳಿಸಿದಾಗ ನಡೆಯೋಕೇ ಬರಲ್ಲ ಅಂದರೆ?

ಇದು ಯಾಕೆ ಹೀಗಾಯ್ತು ಅಂತ ತಿಳಿಯೋಕೆ ದೊಡ್ಡ ತಜ್ಞರು ಬೇಡ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾದಾಗಿನಿಂದ ಕ್ಲಬ್‌ಗಳ ಮುಂದಿನ ಸಾಲು ನೋಡಿ. ಕೊರೊ, ಒಗ್ಬೆಚೆ, ರಾಯ್ ಕೃಷ್ಣ, ಡಯಾಮಂಟಕೋಸ್, ಎಲ್ಲ ವಿದೇಶಿಯರೇ. ನಮ್ಮ ಬೆಂಗಳೂರಿಗೂ ಮೀಕು ಇದ್ದ, ನಾವೂ ಕೂಗಿ ಕುಣಿದಿದ್ದೇವೆ, ಸುಳ್ಳು ಯಾಕೆ ಹೇಳಲಿ. 2024–25ರಲ್ಲಿ ನಾರ್ತ್‌ಈಸ್ಟ್ ಕ್ಲಬ್‌ನ ಅಜರಾಯಿ 23 ಗೋಲು ಹೊಡೆದ. ಅವನು ಮೊರಾಕ್ಕೊ ಕಡೆಯವನು. ಭಾರತೀಯರಲ್ಲಿ ಅತಿ ಹೆಚ್ಚು ಹೊಡೆದವನು ಯಾರು? ಅದೇ ಛೆಟ್ರಿ, 14. ಬೆಳೆಯುವ ಹುಡುಗ ಒಳ್ಳೆ ಸ್ಟ್ರೈಕರ್ ಆದರೆ ಕ್ಲಬ್‌ನ ಕೋಚ್ ಅವನನ್ನು ವಿಂಗ್‌ಗೆ ತಳ್ಳುತ್ತಾನೆ. ಮಧ್ಯದ ಜಾಗ ವಿದೇಶಿಯವನಿಗೆ ಬರೆದಿಟ್ಟಿದೆ. ಹುಡುಗ ವಾರವಾರ ಓಡಿ ಕ್ರಾಸ್ ಹಾಕೋದು ಕಲಿಯುತ್ತಾನೆ. ಭಾರತ ತಂಡಕ್ಕೆ ಬಂದಾಗ ಕ್ರಾಸ್ ಹಾಕೋರು ಆರು ಜನ, ಮುಗಿಸೋರು ಯಾರೂ ಇಲ್ಲ. ಎಲೆ ಹಾಕಿ, ನೀರು ಚಿಮುಕಿಸಿ, ಉಪ್ಪು ಉಪ್ಪಿನಕಾಯಿ ಎಲ್ಲ ಬಡಿಸಿ ಅನ್ನವನ್ನೇ ಮಾಡಿಲ್ಲ ಅಂದ ಹಾಗಾಯ್ತು.

ಇನ್ನು ತಂತ್ರ. ಅದನ್ನು ತಂತ್ರ ಅನ್ನೋದಾದರೆ. ಸ್ಟಿಮಾಚ್ ಕೋಚ್ ಆಗಿದ್ದಾಗ ಹಿಂದಿನಿಂದ ಪಾಸ್ ಮಾಡಿ ಆಡಬೇಕು ಅಂದರು. ಅವರನ್ನು ತೆಗೆದರು. ಮನೋಲೊ ಬಂದರು, ಅದೂ ಗೋವಾ ಕ್ಲಬ್‌ನ ಕೋಚ್ ಕೆಲಸವನ್ನೂ ಕೈಯಲ್ಲಿಟ್ಟುಕೊಂಡು. ದೇಶದ ತಂಡದ ಕೋಚ್ ಅಂದರೆ ಪಾರ್ಟ್‌ಟೈಮ್ ಕೆಲಸವಾ? ಒಂದು ವರ್ಷಕ್ಕೆ ಅವರೂ ಹೋದರು. ಈಗ ಖಾಲಿದ್ ಜಮೀಲ್. ಬಂದ ಹೊಸದರಲ್ಲಿ ಮಧ್ಯ ಏಷ್ಯಾದ ಕಾಫಾ ಟೂರ್ನಿಯಲ್ಲಿ ತಜಿಕಿಸ್ತಾನವನ್ನು ಅವರ ನೆಲದಲ್ಲೇ ಸೋಲಿಸಿ, ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಮಣಿಸಿ ಮೂರನೇ ಸ್ಥಾನ ತಂದರು. ಖುಷಿಯಾಯ್ತು, ಸುಳ್ಳಲ್ಲ. ಹಿಂದೆ ಗೋಡೆ ಕಟ್ಟಿ ನಿಲ್ಲು, ಚೆಂಡು ಸಿಕ್ಕಿದ ತಕ್ಷಣ ಉದ್ದಕ್ಕೆ ಹೊಡಿ, ಥ್ರೋ, ಕಾರ್ನರ್‌ನಲ್ಲಿ ಏನಾದರೂ ಗಿಟ್ಟಿಸು. ದೊಡ್ಡ ತಂಡದ ಎದುರು ಈ ಆಟಕ್ಕೆ ಅರ್ಥ ಇದೆ. ಅವರು ಮುಂದೆ ಬರ್ತಾರೆ, ಹಿಂದೆ ಜಾಗ ಬಿಡ್ತಾರೆ.

ಬಾಂಗ್ಲಾದೇಶ ಯಾಕೆ ಮುಂದೆ ಬರಬೇಕು? ಢಾಕಾದಲ್ಲಿ 11ನೇ ನಿಮಿಷಕ್ಕೇ ರಕೀಬ್ ಎಡಗಡೆಯಿಂದ ಓಡಿ ಚೆಂಡು ಒಳಗಿಟ್ಟ, ಮೊರ್ಸಲಿನ್ ಗೋಲು ಮಾಡಿದ. ಆಮೇಲೆ ಅವರು ಹಿಂದೆ ಸರಿದು ಬಾಗಿಲು ಹಾಕಿಕೊಂಡರು. ಮುಂದಿನ ಎಂಬತ್ತು ಚಿಲ್ಲರೆ ನಿಮಿಷ ನಾವು ಏನು ಮಾಡಿದೆವು? ಎಡಕ್ಕೆ ಪಾಸ್, ಬಲಕ್ಕೆ ಪಾಸ್, ವಾಪಸ್ ಡಿಫೆಂಡರ್‌ಗೆ, ಅಲ್ಲಿಂದ ಆಕಾಶಕ್ಕೆ. ಛಾಂಗ್ಟೆ ಒಂದು ಸಲ ಗೋಲಿ ಇಲ್ಲದ ಗೂಡಿಗೆ ಹೊಡೆದ, ಹಮ್ಜಾ ಚೌಧುರಿ ಅಡ್ಡ ನಿಂತು ತಲೆ ಕೊಟ್ಟು ಉಳಿಸಿದ. ಅಷ್ಟೇ ನೆನಪಿರೋದು. ಮುಚ್ಚಿದ ಬಾಗಿಲು ತೆಗೆಯೋದು ಹೇಗೆ ಅನ್ನೋದಕ್ಕೆ ನಮ್ಮ ಹತ್ತಿರ ಉತ್ತರವೇ ಇರಲಿಲ್ಲ. ಶಿಲ್ಲಾಂಗ್‌ನಲ್ಲಿ ಇದೇ ಬಾಂಗ್ಲಾದ ಎದುರು 0–0 ಆದಾಗಲೂ ಇರಲಿಲ್ಲ. ಆಗ ಕೋಚ್ ಬೇರೆ, ಈಗ ಕೋಚ್ ಬೇರೆ. ಪರದಾಟ ಮಾತ್ರ ಅದೇ.

ಹಮ್ಜಾ ವಿಷಯ ಬಂತಲ್ಲ, ಅದೂ ಹೊಟ್ಟೆ ಉರಿಸುತ್ತೆ. ಇಂಗ್ಲೆಂಡ್‌ನಲ್ಲಿ ಹುಟ್ಟಿ, ಲೆಸ್ಟರ್‌ನಲ್ಲಿ ಬೆಳೆದ ಆಟಗಾರ. ಬಾಂಗ್ಲಾದೇಶ ಅವನನ್ನು ಕರೆದು, ಕಾಗದಪತ್ರ ಮುಗಿಸಿ, ಮಾರ್ಚ್‌ನಲ್ಲೇ ನಮ್ಮ ಎದುರು ಇಳಿಸಿತು. ನಮ್ಮಲ್ಲಿ? ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪಾಸ್‌ಪೋರ್ಟನ್ನೇ ಬಿಟ್ಟುಕೊಟ್ಟು ಭಾರತದವನಾದ. ಕ್ಯಾಂಪ್‌ಗೂ ಬಂದ, ಢಾಕಾಕ್ಕೂ ಹೋದ. ಆದರೆ ಆಡಲಿಲ್ಲ. ಆಸ್ಟ್ರೇಲಿಯಾದಿಂದ ಬರಬೇಕಿದ್ದ ಒಪ್ಪಿಗೆ ಪತ್ರ ಬಂದಿರಲಿಲ್ಲವಂತೆ! ಒಬ್ಬ ಮನುಷ್ಯ ದೇಶ ಬದಲಿಸಿದ, ನಿಮಗೆ ಒಂದು ಪತ್ರ ತರಿಸಿಕೊಳ್ಳೋಕೆ ಆಗಲಿಲ್ಲ.

ಈಗ ಆಫೀಸಿನ ಕ್ರಿಕೆಟ್ ಗುಂಪಿನವರು ಬರುತ್ತಾರೆ. ‘140 ಕೋಟಿ ಜನದಲ್ಲಿ ಹನ್ನೊಂದು ಜನ ಸಿಗಲ್ವಾ ಗುರೂ?’ ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತೆ. ಜನ ಎಣಿಸಿದರೆ ಗೋಲು ಬರಲ್ಲ ಮಾರಾಯ. ಸಿಂಗಾಪುರದ ಜನ ಎಲ್ಲ ಸೇರಿದರೂ ನಮ್ಮ ಬೆಂಗಳೂರಿನ ಅರ್ಧ ಆಗಲ್ಲ. ಹುಡುಗ ಎಂಟು ವರ್ಷಕ್ಕೆ ಆಡೋಕೆ ಶುರು ಮಾಡಿ, ಹದಿನೆಂಟರ ತನಕ ವಾರವಾರ ಲೀಗ್ ಪಂದ್ಯ ಆಡಿದರೆ ಸ್ಟ್ರೈಕರ್ ಆಗ್ತಾನೆ. ನಮ್ಮ ಏರಿಯಾದ ಮೈದಾನದಲ್ಲಿ ಈಗ ಸಂಜೆ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಬಲೆ ಕಟ್ಟಿದ ಟರ್ಫ್‌ನಲ್ಲಿ ಐದೈದು ಜನ ಆಡ್ತಾರೆ. ಅಲ್ಲಿ ಕ್ರಾಸ್ ಹಾಕೋಕೂ ಜಾಗ ಇಲ್ಲ, ತಲೆ ಕೊಡೋಕೂ ಜಾಗ ಇಲ್ಲ.

ಈ ಊರಿಗೆ ಫುಟ್‌ಬಾಲ್ ಬರಲ್ಲ ಅಂತ ಯಾರಾದರೂ ಅಂದರೆ ಹಲಸೂರಿನ ಗೌತಮಪುರಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಬೀದಿಯಲ್ಲಿ ಪೆಲೆ ಪ್ರತಿಮೆ ನಿಲ್ಲಿಸಿದ್ದಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನಲ್ಲಿ ಆಡಿ ಬೆಳೆದವರು. ತಂಡದ ಬಹುಪಾಲು ಜನ ಬರಿಗಾಲಲ್ಲಿ ಆಡಿದ್ದರು. ಆ ಪಂದ್ಯದಲ್ಲೂ ಎರಡು ಪೆನಾಲ್ಟಿ ಬಿಟ್ಟು 2–1ಕ್ಕೆ ಸೋತೆವು ಅನ್ನೋದು ಬೇರೆ ಮಾತು, ಗೋಲಿನ ಶಾಪ ಆಗಲೇ ಶುರುವಾಗಿತ್ತೋ ಏನೋ! 2023ರಲ್ಲಿ ಕರ್ನಾಟಕ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ರಿಯಾದ್‌ನಲ್ಲಿ ಮೇಘಾಲಯದ ಎದುರು 3–2. ಆ ಹುಡುಗರಲ್ಲಿ ಮೂರು ಜನರ ಹೆಸರು ಹೇಳಿ ನೋಡೋಣ. ಆಗಲ್ಲ ಅಲ್ವಾ? ಎರಡು ದಿನ ಫೋಟೋ ಹಾಕಿದರು, ಮುಗೀತು.

ಅದೇ ವರ್ಷದ ಕಂಠೀರವ ನೆನಪಿದೆಯಾ? ದಕ್ಷಿಣ ಏಷ್ಯಾದ ಸ್ಯಾಫ್ ಕಪ್. ಪಾಕಿಸ್ತಾನದ ಎದುರು ಮಳೆಯಲ್ಲಿ 4–0, ಛೆಟ್ರಿ ಮೂರು. ಫೈನಲ್‌ನಲ್ಲಿ ಕುವೈತ್, 1–1, ಪೆನಾಲ್ಟಿ, ಗುರ್‌ಪ್ರೀತ್ ಎಡಕ್ಕೋ ಬಲಕ್ಕೋ ಹಾರಿ ಕೊನೆಯದನ್ನು ತಡೆದ. ಇಡೀ ಸ್ಟೇಡಿಯಂ ‘ವಂದೇ ಮಾತರಂ’ ಹಾಡಿತು. ಆವತ್ತು ಗಂಟಲು ಕಟ್ಟಿಕೊಂಡು ಮೆಟ್ರೋ ಹತ್ತಿದವರಲ್ಲಿ ನಾನೂ ಒಬ್ಬ. ಆ ಜನ ಎಲ್ಲೂ ಹೋಗಿಲ್ಲ. ಟಿಕೆಟ್ ತಗೊಳ್ಳೋಕೆ ರೆಡಿ ಇದ್ದಾರೆ, ಕೂಗೋಕೂ ರೆಡಿ ಇದ್ದಾರೆ. ನೋಡೋಕೆ ಆಟ ಎಲ್ಲಿದೆ?

ಆಟ ಅಂದೆ. ಢಾಕಾಕ್ಕೆ ಹೋದಾಗ ಲೀಗೇ ಇರಲಿಲ್ವಲ್ಲ! 2025ರ ಸೆಪ್ಟೆಂಬರ್‌ನಲ್ಲಿ ಶುರುವಾಗಬೇಕಿದ್ದ ಐಎಸ್‌ಎಲ್ ನವೆಂಬರ್ ಮುಗಿಯುತ್ತಾ ಬಂದರೂ ಶುರುವಾಗಿರಲಿಲ್ಲ. ಲೀಗ್ ನಡೆಸೋ ಹಕ್ಕಿಗೆ ಟೆಂಡರ್ ಕರೆದರೆ ಒಬ್ಬರೂ ಬಿಡ್ ಹಾಕಲಿಲ್ಲ. ಕೆಲವು ಕ್ಲಬ್‌ಗಳು ಆಟಗಾರರ ಸಂಬಳವನ್ನೇ ನಿಲ್ಲಿಸಿದವು. ನಡುವೆ ಗೋವಾದಲ್ಲಿ ಸೂಪರ್ ಕಪ್ ಅಂತ ನಾಲ್ಕು ದಿನ ಆಡಿಸಿದರು. ವಾರವಾರ ಪಂದ್ಯ ಇಲ್ಲದ ಆಟಗಾರರನ್ನು ಕ್ಯಾಂಪ್‌ಗೆ ಕರೆದು, ಒಂದಿಷ್ಟು ದಿನ ಓಡಿಸಿ, ಅರ್ಹತಾ ಪಂದ್ಯಕ್ಕೆ ಕಳಿಸಿದರೆ 70ನೇ ನಿಮಿಷಕ್ಕೆ ಕಾಲು ಹಿಡಿಯದೆ ಇನ್ನೇನಾಗುತ್ತೆ? ಕಾಫಾ ಟೂರ್ನಿಗೆ ಆಟಗಾರರನ್ನು ಬಿಡಲ್ಲ ಅಂತ ಕ್ಲಬ್ ಹಟ, ಬಿಡಬೇಕು ಅಂತ ಫೆಡರೇಷನ್ ಹಟ. ಇವರಿಬ್ಬರ ಜಗಳ ಕೋರ್ಟು, ಮೀಟಿಂಗು ಅಂತ ಪತ್ರಿಕೆಯಲ್ಲಿ ಬರುವಷ್ಟು ಗೋಲಿನ ಸುದ್ದಿ ಬರಲ್ಲ.

ಈಗ ಮತ್ತೆ ‘ಕೋಚ್ ತೆಗೀರಿ’ ಕೂಗು ಶುರುವಾಗಿದೆ. ದಯವಿಟ್ಟು ಬೇಡ. ಒಂದೂವರೆ ವರ್ಷದಲ್ಲಿ ಮೂರನೇ ಕೋಚ್ ಇವರು. ಖಾಲಿದ್ ಆಟ ನನಗೆ ಇಷ್ಟ ಇಲ್ಲ, ಢಾಕಾದ ಆಟವಂತೂ ನೋಡೋಕಾಗಲಿಲ್ಲ. ಆದರೂ ಇವರನ್ನು ಕಳಿಸಿ ಇನ್ನೊಬ್ಬರನ್ನು ತಂದರೆ ಅವರು ಯಾರನ್ನು ಮುಂದೆ ನಿಲ್ಲಿಸುತ್ತಾರೆ? ಗಾರ್ಡಿಯೋಲಾ ಬಂದರೂ ಇಲ್ಲದ ಸ್ಟ್ರೈಕರ್‌ನ ಎಲ್ಲಿಂದ ಹುಟ್ಟಿಸ್ತಾರೆ? ಕೋಚ್ ಬದಲು ನಿಯಮ ಬದಲಿಸಿ. ಪ್ರತಿ ಕ್ಲಬ್ಬಿನ ಮುಂದಿನ ಸಾಲಿನ ನಡುವಿನ ಜಾಗದಲ್ಲಿ ಒಬ್ಬ ಭಾರತೀಯ ಹುಡುಗ ಆಡಲೇಬೇಕು ಅನ್ನಿ. ಮೊದಲ ವರ್ಷ ಗೋಲು ಕಡಿಮೆ ಬರುತ್ತೆ, ನೋಡೋರು ಬೈತಾರೆ. ಬೈಯಲಿ ಬಿಡಿ. ಈಗೇನು ಹೊಗಳ್ತಾ ಇದ್ದಾರಾ?

ಒಂದೊಂದು ಪಂದ್ಯ ಇರುತ್ತೆ. ಗೆದ್ದರೂ ಲೆಕ್ಕಕ್ಕಿಲ್ಲ, ಸೋತರೂ ಲೆಕ್ಕಕ್ಕಿಲ್ಲ. ಅಂಥ ದಿನವಾದರೂ ಇಪ್ಪತ್ತು ಇಪ್ಪತ್ತೊಂದರ ಇಬ್ಬರು ಹುಡುಗರನ್ನು ಮುಂದೆ ನಿಲ್ಲಿಸಿ. ಮೊದಲರ್ಧದಲ್ಲಿ ಮೂರು ಅವಕಾಶ ಹಾಳು ಮಾಡಿದರು ಅಂತ ಹೊರಗೆ ಕರೆಸಬೇಡಿ. 90 ನಿಮಿಷ ಪೂರ್ತಿ ಆಡಿಸಿ. ನಾಲ್ಕನೆಯದನ್ನೂ ಹಾಳು ಮಾಡಲಿ, ಐದನೆಯದನ್ನೂ ಮಾಡಲಿ, ಡಿ ಬಾಕ್ಸ್ ಒಳಗೆ ನಮ್ಮೋರು ಇದ್ದರು ಅನ್ನೋದಾದರೂ ಕಾಣಲಿ.