ಪರ–ವಿರೋಧ: ದೊಡ್ಡವರಿಗೆ ಅಕ್ಷರ ಕಲಿಸುವ ಕೇಂದ್ರಗಳು ಇನ್ನೂ ಬೇಕೇ?

2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ 75.36. ದಕ್ಷಿಣ ಕನ್ನಡದಲ್ಲಿ ಶೇ 88 ದಾಟಿತ್ತು, ಯಾದಗಿರಿ ಶೇ 52ರ ಹತ್ತಿರ ನಿಂತಿತ್ತು. ಹದಿನೈದು ವರ್ಷ ಮೇಲ್ಪಟ್ಟ ಅನಕ್ಷರಸ್ಥರಿಗೆಂದು ಕೇಂದ್ರ ಸರ್ಕಾರ 2022–27ರ ಅವಧಿಗೆ 1,037.90 ಕೋಟಿ ರೂಪಾಯಿ ಅಂದಾಜಿನ 'ಉಲ್ಲಾಸ್' ಸಾಕ್ಷರತಾ ಯೋಜನೆ ನಡೆಸುತ್ತಿದೆ. ಆ ದುಡ್ಡು, ಆ ಶ್ರಮ ದೊಡ್ಡವರ ಕಲಿಕೆಗೇ ಹೋಗಬೇಕೇ?

ಪರ: ಬೇಕು, ಆದರೆ ಮೊದಲು ಕನ್ನಡಕ

ನಲವತ್ತೈದರ ಹೆಂಗಸು ಎರಡು ವಾರ ಕೇಂದ್ರಕ್ಕೆ ಬಂದು 'ನನ್ ತಲೀಗೆ ಹತ್ತಂಗಿಲ್ರಿ' ಎಂದು ಬಿಟ್ಟುಬಿಡುತ್ತಾಳೆ. ಎಷ್ಟೋ ಸಲ ಹತ್ತದಿರುವುದು ತಲೆಗಲ್ಲ, ಕಣ್ಣಿಗೆ. ಓದುವ ರೂಢಿ ಇದ್ದವರಿಗೆ ಪತ್ರಿಕೆ ಮಸುಕಾದ ದಿನವೇ ಚಾಳೀಸು ಬಂತೆಂದು ತಿಳಿಯುತ್ತದೆ. ಪುಸ್ತಕವನ್ನೇ ಹಿಡಿಯದವರಿಗೆ ತಿಳಿಯುವುದು ಹೇಗೆ? ಮಂದ ಬಲ್ಬಿನ ಕೆಳಗೆ 'ದ'ಕ್ಕೂ 'ಧ'ಕ್ಕೂ ನಡುವಿನ ಸೀಳು, 'ಪ'ಕ್ಕೂ 'ಷ'ಕ್ಕೂ ನಡುವಿನ ಗೆರೆ ಕಾಣುವುದೇ ಇಲ್ಲ. ಹೆಸರು ಬರೆದುಕೊಂಡ ದಿನವೇ ತಾಲ್ಲೂಕು ಆಸ್ಪತ್ರೆಯವರಿಂದ ಕಣ್ಣು ನೋಡಿಸಿ, ಬೇಕಾದವರಿಗೆ ಓದುವ ಕನ್ನಡಕ ಕೊಟ್ಟುಬಿಡಬೇಕು. ನಲವತ್ತೈದು–ಐವತ್ತರ ಬಹುಪಾಲು ಜನರಿಗೆ +1.50 ಅಥವಾ +2.00 ಸಾಕಾಗುತ್ತದೆ. ಕೇಂದ್ರಗಳು ಸೊರಗುವುದಕ್ಕೆ ಪಠ್ಯವನ್ನೇ ದೂರುವವರು ಈ ಸಣ್ಣ ಖರ್ಚನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಎರಡನೆಯದು ಕಲಿಸುವ ಕ್ರಮ. ವರ್ಣಮಾಲೆ ಹಿಡಿದು ಅ, ಆ, ಇ, ಈ ಎಂದು ಹೊರಟರೆ ಋ, ಙ, ಞ ದಾಟುವಷ್ಟರಲ್ಲಿ ಚಾಪೆ ಅರ್ಧ ಖಾಲಿ. 'ರ ಗ ಸ ದ ಅ' ಎಂದು ಶುರುಮಾಡುವ ಪದ್ಧತಿ ಇದಕ್ಕಾಗಿಯೇ ಬಂದದ್ದು. ಮೊದಲ ನಾಲ್ಕಕ್ಕೂ ತಲೆಕಟ್ಟು ಒಂದೇ, ಕೈ ಬೇಗ ಪಳಗುತ್ತದೆ. ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಮೊದಲ ವಾರವೇ ಅಂಗಡಿಯ ಹಲಗೆ ಮೇಲಿನ 'ದರ' ತಾನಾಗಿ ಓದಿದವಳು ಎರಡನೇ ವಾರ ತಪ್ಪದೆ ಬರುತ್ತಾಳೆ. ಮೊದಲ ಹತ್ತು ದಿನ ಸ್ಲೇಟು ಸಾಕು. ಕುಡುಗೋಲು ಹಿಡಿದ ಕೈ ಪೆನ್ನನ್ನು ಒತ್ತಿ ಹಾಳೆ ಹರಿಯುತ್ತದೆ, ಹರಿದ ಹಾಳೆಯ ಮುಂದೆ ನಾಚಿಕೆ ಬೇರೆ.

ಅಕ್ಷರಕ್ಕಿಂತ ಮೊದಲು ಅಂಕಿ ಬರಬೇಕು. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಎಷ್ಟೋ ಹಳ್ಳಿಗಳಲ್ಲಿ ಬೆರಳೊತ್ತುವ ಯಂತ್ರದಲ್ಲೇ ತೆಗೆಯುವುದು. ಯಂತ್ರ ಹಣ ಕಡಿತಗೊಳಿಸಿದ್ದರೂ 'ಸರ್ವರ್ ಇಲ್ಲವ್ವ, ನಾಳೆ ಬಾ' ಎಂದು ಕಳಿಸಿದರೆ ಹೆಬ್ಬೆಟ್ಟಿನವಳಿಗೆ ಆಧಾರವೇ ಇಲ್ಲ. ಚೀಟಿ ಕೇಳಿ ಪಡೆಯುವುದು, ಅದರಲ್ಲಿ ತಾರೀಖು, ತೆಗೆದ ಮೊತ್ತ, ಉಳಿದ ಮೊತ್ತ ಎಲ್ಲಿವೆ ಎಂದು ಗುರುತಿಸುವುದು: ಈ ಪಾಠಕ್ಕೆ ನಾಲ್ಕು ಸಂಜೆ ಸಾಕು. ಕಲಿಸುವುದು 1, 2, 3 ಆಗಿರಲಿ. ನೋಟು, ಚೀಟಿ, ಮೊಬೈಲು, ಕರೆಂಟು ಬಿಲ್ಲು ಎಲ್ಲದರಲ್ಲೂ ಇರುವುದು ಅವೇ. ಕನ್ನಡ ಅಂಕಿ ಆಮೇಲೆ ಕಲಿತರಾಯಿತು.

ಸಮಯದ ಲೆಕ್ಕವನ್ನೂ ಊರಿನ ಕೆಲಸ ನೋಡಿಯೇ ಹಾಕಬೇಕು. ರಾಯಚೂರು, ಯಾದಗಿರಿ ಕಡೆ ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಕೇಂದ್ರ ತೆರೆದರೆ ಹಾಜರಿ ಪುಸ್ತಕವಷ್ಟೇ ತುಂಬುತ್ತದೆ. ಸಂಕ್ರಾಂತಿ ಮುಗಿಸಿ, ಊಟವಾದ ಮೇಲೆ ದಿನಕ್ಕೆ ಎರಡು ಗಂಟೆಯಂತೆ ವಾರಕ್ಕೆ ಐದು ದಿನ ನಡೆಸಿದರೆ ಇಪ್ಪತ್ತು ವಾರಕ್ಕೆ 200 ಗಂಟೆ. ಕಾರಹುಣ್ಣಿಮೆ ಹೊತ್ತಿಗೆ ಮುಗಿಯುತ್ತದೆ. ಒಬ್ಬ ಸ್ವಯಂಸೇವಕನಿಗೆ ಹತ್ತು ಜನ. ಹದಿನೈದಾದರೆ ಹಿಂದೆ ಕೂತವರ ಸ್ಲೇಟು ನೋಡುವವರಿರುವುದಿಲ್ಲ.

ಶಾಲೆ ಸರಿಯಾದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಒಂದು ಮಾತು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಶಾಲೆಗಳೇ ವಿರಳ, ಇದ್ದವುಗಳಲ್ಲೂ ಉರ್ದುವಿನದೇ ದರ್ಬಾರು. ಆ ಕೊರತೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ. ಅದರ ಬಾಕಿ ಹೊತ್ತವರು ಇವತ್ತು ಐವತ್ತು, ಅರವತ್ತರಲ್ಲಿದ್ದಾರೆ. ಅವರು ಮುಗಿದುಹೋಗುವ ತನಕ ಕಾಯುವುದನ್ನು ಯೋಜನೆ ಎಂದು ಕರೆಯಲಾಗದು.

ವಿರೋಧ: ಬೇಡ, ಕೆರೆಯ ಏರಿ ಒಡೆದಿರುವುದು ಇನ್ನೊಂದು ಕಡೆ

ಸಂಕ್ರಾಂತಿ ಮುಗಿಸಿ ಶುರುಮಾಡಬೇಕಂತೆ. ಆಗ ಊರಲ್ಲಿ ಯಾರಿರುತ್ತಾರೆ? ಒಣಬೇಸಾಯದ ಊರುಗಳಲ್ಲಿ ಫಸಲು ಮನೆ ಸೇರುತ್ತಲೇ ಬೆಂಗಳೂರು, ಮುಂಬೈ, ಪುಣೆಯ ಕಟ್ಟಡ ಕೆಲಸಕ್ಕೆ ಗುಳೆ ಹೊರಡುತ್ತಾರೆ. ಅಕ್ಷರ ಕಲಿಯಬೇಕಾದವರ ಮನೆಗಳಿಗೇ ಬೀಗ. ಜೊತೆಗೆ ಹೋಗುವುದು ಒಂದನೇ, ಎರಡನೇ ತರಗತಿಯ ಮಗು. ಕಾಗುಣಿತ ಗಟ್ಟಿಯಾಗಿ ಒತ್ತಕ್ಷರಕ್ಕೆ ಕಾಲಿಡುವ ಹೊತ್ತಿನಲ್ಲಿ ಅದು ಮರಳು ರಾಶಿಯ ಮೇಲೆ ತಮ್ಮನನ್ನು ಆಡಿಸುತ್ತಿರುತ್ತದೆ. ಜೂನ್‌ಗೆ ಬಂದರೆ ಹೆಸರು ಮುಂದಿನ ತರಗತಿಯ ಪಟ್ಟಿಯಲ್ಲಿ, ಓದು ಹೋದ ವರ್ಷದಲ್ಲಿ. ಐದನೇ ತರಗತಿಗೆ ಬಂದರೂ ಎರಡನೇ ತರಗತಿಯ ಪಾಠ ಓದಲಾಗದು. ಎಂಟಕ್ಕೆ ಶಾಲೆ ಬಿಡುತ್ತದೆ. ಹದಿನೈದು ತುಂಬಿದ ದಿನ 'ಉಲ್ಲಾಸ್' ಪಟ್ಟಿಗೆ ಹೊಸ ಕಲಿಕಾರ್ಥಿ ಸಿದ್ಧ.

ಮನೆಯಲ್ಲಿ ಕನ್ನಡವಾಡದ ಲಂಬಾಣಿ ತಾಂಡಾದ ಮಗುವಿಗೆ ಇದು ಇಮ್ಮಡಿ ಕಷ್ಟ. 'ಮನೆ' ಎಂಬ ಅಕ್ಷರವನ್ನೂ 'ಮನೆ' ಎಂಬ ಮಾತನ್ನೂ ಅದು ಒಟ್ಟಿಗೇ ಕಲಿಯಬೇಕು.

ದೊಡ್ಡವರ ಶಿಕ್ಷಣಕ್ಕೆ ನಾವು ಏನೂ ಮಾಡಿಲ್ಲವೇ? 1978ರ ಗಾಂಧಿ ಜಯಂತಿಯಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ, 1988ರಲ್ಲಿ ಸಾಕ್ಷರತಾ ಮಿಷನ್, 2009ರಲ್ಲಿ ಸಾಕ್ಷರ ಭಾರತ, ಈಗ ಉಲ್ಲಾಸ್. ಸಾಕ್ಷರ ಭಾರತದಲ್ಲಿ ಊರಿನ ಕಲಿಕಾ ಕೇಂದ್ರ ನಡೆಸುತ್ತಿದ್ದ ಪ್ರೇರಕರಿಗೆ ತಿಂಗಳಿಗೆ 2,000 ರೂಪಾಯಿ ಗೌರವಧನವಾದರೂ ಇತ್ತು. 2018ರ ಮಾರ್ಚ್‌ಗೆ ಯೋಜನೆಯೇ ಮುಗಿಯಿತು. ಈಗಿನ ಸ್ವಯಂಸೇವಕನಿಗೆ ಸಂಬಳವಿಲ್ಲ. ಕೇರಳವನ್ನು ತೋರಿಸುವವರಿದ್ದಾರೆ. 1991ರ ಏಪ್ರಿಲ್ 18ರಂದು ಅದು ಸಂಪೂರ್ಣ ಸಾಕ್ಷರ ರಾಜ್ಯವಾದದ್ದು ನಿಜ. ಆದರೆ ಅಲ್ಲಿ ಬಹುತೇಕ ಮಕ್ಕಳು ಶಾಲೆಯಲ್ಲಿದ್ದರು, ಉಳಿದಿದ್ದ ಹಿರಿಯರನ್ನು ಮುಟ್ಟಿದರೆ ಕೆಲಸ ಮುಗಿಯುತ್ತಿತ್ತು. ಏರಿ ಗಟ್ಟಿಯಿದ್ದ ಕೆರೆಯ ಲೆಕ್ಕವನ್ನು ಒಡೆದ ಕೆರೆಗೆ ಹಚ್ಚಿ ಏನು ಫಲ?

ಇನ್ನು ಉಲ್ಲಾಸ್ ಪರೀಕ್ಷೆ. ಓದು, ಬರಹ, ಲೆಕ್ಕ ತಲಾ 50ರಂತೆ 150 ಅಂಕ. ಪಾಸಾದವರಿಗೆ ಪ್ರಮಾಣಪತ್ರ. 200 ಗಂಟೆ ಕಲಿತವರು 'ಪಂ… ಚಾ… ಯ… ತಿ' ಎಂದು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾರೆ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲ ಪದ ಮರೆತಿರುತ್ತದೆ, ಅರ್ಥ ಕೂಡುವುದಿಲ್ಲ. ಓದು ಸರಾಗವಾಗಲು ದಿನವೂ ಕಣ್ಣಿಗೆ ಅಚ್ಚು ಬೀಳುತ್ತಿರಬೇಕು. ಮನೆಯಲ್ಲಿ ಕ್ಯಾಲೆಂಡರ್ ಬಿಟ್ಟರೆ ಅಚ್ಚಿನ ಹಾಳೆಯೇ ಇಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಕಲಿತದ್ದು ಕರಗುತ್ತದೆ, ಸಹಿ ಮಾತ್ರ ಉಳಿಯುತ್ತದೆ. ಅಪಾಯ ಇರುವುದು ಅದರಲ್ಲೇ. ಬ್ಯಾಂಕಿನಲ್ಲಿ ಹೆಬ್ಬೆಟ್ಟಿಗೆ ಸಾಕ್ಷಿ ಕೇಳುತ್ತಾರೆ, ಸಹಿಗೆ ಕೇಳುವುದಿಲ್ಲ. ಓದಲು ಬಾರದೆ ಸಹಿ ಬಲ್ಲವಳು ಸಾಲದ ಕಾಗದಕ್ಕೆ ಸಹಿ ಹಾಕಿದರೆ, 'ಓದಿಯೇ ಹಾಕಿದ್ದಾಳೆ' ಎಂಬುದೇ ದಾಖಲೆ.

ಅದೇ ಶ್ರಮ ಗುಳೆ ಹೋಗುವವರ ಮಕ್ಕಳಿಗೆ ಸಲ್ಲಲಿ. ಊರಿನ ಶಾಲೆಯಲ್ಲೇ ನಾಲ್ಕು ತಿಂಗಳ ವಸತಿ: ಅಡುಗೆಯವರು, ರಾತ್ರಿ ಮಲಗಲು ಊರಿನದೇ ಒಬ್ಬ ಹೆಂಗಸು, ಹೊದಿಕೆ, ಬಾಗಿಲಿರುವ ಶೌಚಾಲಯ. ಬಾಗಿಲು ಇಲ್ಲದ ಕಡೆ ಹೆಣ್ಣುಮಕ್ಕಳನ್ನು ಬಿಟ್ಟು ಹೋಗುವ ತಾಯಿ ಇಲ್ಲ. ಇದು ಕೆಡುವುದು ತಡವಾದ ಮಂಜೂರಾತಿಯಿಂದ: ಕುಟುಂಬ ಜನವರಿಗೆ ಹೊರಟರೆ ಆದೇಶ ಬರುವುದು ಫೆಬ್ರುವರಿಗೆ. ಮೇಸ್ತ್ರಿ ಮುಂಗಡ ಹಂಚುವ ದಿನಗಳಲ್ಲೇ ಯಾರ್ಯಾರು ಹೋಗುತ್ತಾರೆಂದು ಊರಿಗೆಲ್ಲ ಗೊತ್ತಿರುತ್ತದೆ. ಪಟ್ಟಿ ಆಗಲೇ ಆಗಬೇಕು. ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲುಳಿಯುವ ಹುಡುಗಿಗೆ ಪಂಚಾಯಿತಿಯ ಶಿಶುಪಾಲನಾ ಕೇಂದ್ರ 'ಕೂಸಿನ ಮನೆ' ಉದ್ಯೋಗ ಖಾತ್ರಿ ಕೆಲಸದ ದಿನಗಳಾಚೆಗೂ ತೆರೆದಿರಲಿ. ಎರಡನೇ ತರಗತಿಯ ಕೊನೆಗೆ ಪ್ರತಿ ಮಗುವಿನಿಂದಲೂ ಪಾಠದಲ್ಲಿಲ್ಲದ ನಾಲ್ಕು ಸಾಲು ಓದಿಸಬೇಕು. ಪಾಠದ್ದಾದರೆ ಬಾಯಿಪಾಠ ಒಪ್ಪಿಸಿಬಿಡುತ್ತವೆ.

ಹಿರಿಯರಿಗೆ ಬೇಕಾದದ್ದು ನಂಬಿಕಸ್ಥ ಓದುಗ. ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಗ್ರಂಥಪಾಲಕರಿದ್ದಾರೆ. ವಾರಕ್ಕೆ ಎರಡು ಸಂಜೆ ಪಾಸ್‌ಬುಕ್ಕು, ಸಂಘದ ಸಾಲದ ಕಾಗದ, ಪಹಣಿ ಓದಿ ಹೇಳುವುದನ್ನು ಅವರ ಕೆಲಸವೆಂದೇ ಬರೆದುಕೊಟ್ಟರೆ ಮೋಸದ ಬಹುಪಾಲು ಅಲ್ಲೇ ಸಿಕ್ಕಿಬೀಳುತ್ತದೆ. ಚಾಳೀಸು ಕನ್ನಡಕವನ್ನಂತೂ ಕೊಡಿ, ಅದರಲ್ಲಿ ತಕರಾರಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸಲು, ಸೂಜಿಗೆ ದಾರ ಪೋಣಿಸಲು ಬೇಕೇ ಬೇಕು.